ಮೆತ್ತನೆಯ ಮಣ್ಣಿನಲ್ಲಿ ತೋಡಿದ ಮೊದಲ ರೈಲು ಸುರಂಗಗಳು: ಲೈನಿಂಗ್ ಕಟ್ಟುವವರೆಗೆ ಮಣ್ಣನ್ನು ಹಿಡಿದದ್ದು ಏನು?

ವಿದ್ಯಾನಗರ ಸಿವಿಲ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ವಿಭಾಗದ ಮಕ್ಕಳಿಗೆ ಪಾಠ ಹೇಳುತ್ತೇನೆ. ಸುರಂಗ ಎಂದ ಕೂಡಲೇ ನಮ್ಮ ಮಕ್ಕಳ ಕಣ್ಣ ಮುಂದೆ ಬರುವುದು ಕ್ಯಾಸಲ್‌ರಾಕ್‌ನಿಂದ ಕೆಳಗಿಳಿಯುವ ಘಟ್ಟದ ದಾರಿಯ ಸುರಂಗಗಳು. ಗಟ್ಟಿ ಬಂಡೆಯನ್ನು ಕೊರೆದಾಗ ಅದು ತನ್ನ ಭಾರವನ್ನು ಬಹುಪಾಲು ತಾನೇ ಹೊತ್ತುಕೊಂಡು ನಿಲ್ಲುತ್ತದೆ ಎಂದರೆ ಅವರಿಗೆ ತಿಳಿಯುತ್ತದೆ. ಆದರೆ ಲಂಡನ್ ನಗರದ ಕೆಳಗೆ 19ನೆಯ ಶತಮಾನದಲ್ಲಿ ತೋಡಿದ ರೈಲು ಸುರಂಗಗಳು ಜೇಡಿಮಣ್ಣು, ಮರಳು, ಗರಸಿನ ನಡುವೆ ಸಾಗಿದವು. ನಮ್ಮ ಕಡೆ ಎರೆ ಹೊಲದಲ್ಲಿ ಬಾವಿ ತೋಡಿಸಿದವರಿಗೆ ಇಂಥ ಮಣ್ಣಿನ ಸ್ವಭಾವ ಗೊತ್ತು: ಕಲ್ಲು ಕಟ್ಟುವುದು ನಾಲ್ಕು ದಿನ ತಡವಾದರೆ ದಂಡೆಯೇ ಒಳಗೆ ಜಾರುತ್ತದೆ.

ನನ್ನ ಪ್ರಶ್ನೆ ಇದು. ಅಗೆದ ಮೇಲೆ ಇಟ್ಟಿಗೆಯದೋ ಕಬ್ಬಿಣದ್ದೋ ಲೈನಿಂಗ್, ಅಂದರೆ ಸುರಂಗದ ಒಳಗೋಡೆ, ಸಿದ್ಧವಾಗುವವರೆಗೆ ಮಣ್ಣನ್ನು ಏನು ಹಿಡಿದಿತ್ತು? ಮೊದಲ ಸುರಂಗಗಳಿಗೆ ಇಟ್ಟಿಗೆಯನ್ನು ಬಳಸಿದವರು ಮೂರು ದಶಕ ಕಳೆಯುವುದರೊಳಗೆ ಬೀಡುಕಬ್ಬಿಣದ ಉಂಗುರಗಳಿಗೆ ಏಕೆ ಹೋದರು? ಕಬ್ಬಿಣ ಇಟ್ಟಿಗೆಗಿಂತ ಗಟ್ಟಿ ಎಂಬ ಒಂದೇ ಸಾಲಿನ ಉತ್ತರ ಪುಸ್ತಕಗಳಲ್ಲಿ ಸಿಗುತ್ತದೆ, ಆದರೆ ಅದು ನನಗೆ ಸಾಲದು.

ಕೇಶ್ವಾಪುರದ ನಿವೃತ್ತ ಎಂಜಿನಿಯರ್ (ಹುಬ್ಬಳ್ಳಿ)

ಮಾಸ್ತರರೇ, ಲೈನಿಂಗ್ ಎಂದರೆ ಕೆಲಸವೆಲ್ಲ ಮುಗಿದ ಮೇಲೆ ಕಾಣುವ ಗೋಡೆ ಎಂಬಂತೆ ಪುಸ್ತಕಗಳು ಚಿತ್ರ ಬರೆಯುತ್ತವೆ. ರೈಲ್ವೆಯ ಕಾಮಗಾರಿಗಳಲ್ಲಿ ವಯಸ್ಸು ಕಳೆದ ನನ್ನ ದೃಷ್ಟಿಯಲ್ಲಿ, ಗುದ್ದಲಿ ಮಣ್ಣಿಗೆ ತಾಗಿದ ಗಳಿಗೆಯಿಂದ ಲೈನಿಂಗ್ ಭಾರ ಹೊರಲು ಶುರುಮಾಡುವ ಗಳಿಗೆಯವರೆಗಿನ ಅವಧಿಯೇ ಈ ವಿದ್ಯೆಯ ತಿರುಳು. ಆ ಅವಧಿಯಲ್ಲಿ ಮಣ್ಣನ್ನು ಹಿಡಿಯುವ ಉಪಾಯ ಬದಲಾದಂತೆಲ್ಲ ಲೈನಿಂಗ್ ಕೂಡ ಬದಲಾಯಿತು.

1863ರ ಜನವರಿ 10ರಂದು ಜನರಿಗೆ ತೆರೆದ ಮೆಟ್ರೊಪಾಲಿಟನ್ ರೈಲ್ವೆಯನ್ನು ಮೊದಲು ನೋಡೋಣ. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಸುಮಾರು 6 ಕಿಲೋಮೀಟರ್ ಉದ್ದದ ಈ ದಾರಿಯ ಎಂಜಿನಿಯರ್ ಜಾನ್ ಫೌಲರ್. ಇದರ ಬಹುಭಾಗದಲ್ಲಿ ಅವರು ನಿಮ್ಮ ಪ್ರಶ್ನೆ ಏಳದಂತೆಯೇ ನೋಡಿಕೊಂಡರು. ರಸ್ತೆಯನ್ನು ಮೇಲಿನಿಂದಲೇ ಅಗೆದು, ಸುಮಾರು 10 ಮೀಟರ್ ಅಗಲದ ಕಂದಕ ಮಾಡಿ, ಅದರ ಎರಡೂ ದಂಡೆಗೆ ಹಲಗೆ ಮತ್ತು ಅಡ್ಡ ತೊಲೆಗಳ ಆಸರೆ ಕೊಟ್ಟು, ತಳದಿಂದ ಇಟ್ಟಿಗೆಯ ಗೋಡೆ ಎಬ್ಬಿಸಿ, ಅವುಗಳ ಮೇಲೆ ಸುಮಾರು 8.7 ಮೀಟರ್ ಹರವಿನ ದೀರ್ಘವೃತ್ತಾಕಾರದ ಇಟ್ಟಿಗೆ ಕಮಾನು ಕಟ್ಟಿ, ಆಮೇಲೆ ಮಣ್ಣು ತುಂಬಿ ರಸ್ತೆಯನ್ನು ಮತ್ತೆ ಹಾಸಿದರು. ಕಮಾನಿನ ಎತ್ತರಕ್ಕೆ ಜಾಗ ಸಾಲದ ಕಡೆ ಕಬ್ಬಿಣದ ಗರ್ಡರ್‌ಗಳನ್ನು ಅಡ್ಡ ಹಾಕಿದರು. ಮೇಲಿನ ಮಣ್ಣನ್ನೇ ತೆಗೆದುಬಿಟ್ಟಾಗ ತಲೆಯ ಮೇಲೆ ಬೀಳುವುದು ಏನೂ ಇರುವುದಿಲ್ಲ. ಇಟ್ಟಿಗೆ ನಿಧಾನವಾಗಿ ಬಲಿಯಲು ಸಮಯವಿರುತ್ತದೆ. ಉಳಿಯುವ ಅಪಾಯ ಪಕ್ಕದಿಂದ ಬರುವ ಮಣ್ಣು ಮತ್ತು ನೀರಿನದು. 1862ರ ಜೂನ್‌ನಲ್ಲಿ ಪಕ್ಕದಲ್ಲೇ ಹರಿಯುತ್ತಿದ್ದ ಫ್ಲೀಟ್ ಎಂಬ ದೊಡ್ಡ ಚರಂಡಿ ಒಡೆದು ಕಂದಕಕ್ಕೆ ನೀರು ನುಗ್ಗಿದ್ದು ಇದೇ ಕಾರಣದಿಂದ.

ಅದೇ ದಾರಿಯಲ್ಲಿ ಕ್ಲರ್ಕನ್‌ವೆಲ್ ಬಳಿಯ ದಿಬ್ಬದ ಕೆಳಗೆ ಸುಮಾರು 665 ಮೀಟರ್ ಉದ್ದವನ್ನು ಮಾತ್ರ ನಿಜವಾದ ಅರ್ಥದಲ್ಲಿ ಸುರಂಗವಾಗಿ ತೋಡಿದರು. ಇಂಥ ಕೆಲಸಕ್ಕೆ ಆಗ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದದ್ದು ಮರದ ಆಸರೆಯ ಪದ್ಧತಿ. ಸುರಂಗದ ನೆತ್ತಿಯಲ್ಲಿ ಉದ್ದುದ್ದ ತೊಲೆಗಳನ್ನು ಇಡುತ್ತಿದ್ದರು. ತೊಲೆಯ ಹಿಂದಿನ ತುದಿ ಆಗಲೇ ಕಟ್ಟಿ ಮುಗಿದ ಇಟ್ಟಿಗೆಯ ಮೇಲೆ, ಮುಂದಿನ ತುದಿ ಅಗೆತದ ಮುಖದ ಬಳಿ ನಿಲ್ಲಿಸಿದ ಕಂಬದ ಮೇಲೆ ಕೂರುತ್ತಿತ್ತು. ತೊಲೆಗಳ ಬೆನ್ನಿಗೆ ಹಲಗೆ ಹೊಂದಿಸಿ ಮಣ್ಣನ್ನು ತಡೆದು, ಕೆಳಗೆ ಸೆಂಟ್ರಿಂಗ್ (ಕಮಾನು ಬಲಿಯುವವರೆಗೆ ಅದನ್ನು ಹೊರುವ ಮರದ ಅಚ್ಚು) ನಿಲ್ಲಿಸಿ ಇಟ್ಟಿಗೆ ಕಟ್ಟಿ, ತೊಲೆಗಳನ್ನು ಮುಂದಕ್ಕೆ ಎಳೆದುಕೊಂಡು ಮುಂದಿನ ತುಂಡಿಗೆ ಹೋಗುತ್ತಿದ್ದರು. ತೊಲೆ ಎಳೆದ ಜಾಗದಲ್ಲಿ ಉಳಿದ ಪೊಳ್ಳನ್ನು ಇಟ್ಟಿಗೆ ಚೂರು, ಮಣ್ಣುಗಳಿಂದ ತುರುಕುತ್ತಿದ್ದರು. ಅದು ಎಂದೂ ಪೂರ್ತಿ ತುಂಬುತ್ತಿರಲಿಲ್ಲ, ಮೇಲಿನ ನೆಲ ಒಂದಿಷ್ಟು ಕುಸಿದೇ ತೀರುತ್ತಿತ್ತು. ಹೊಲದ ಕೆಳಗೆ ಇದು ನಡೆಯುತ್ತದೆ; ನಾಲ್ಕಂತಸ್ತಿನ ಮನೆಗಳ ಕೆಳಗೆ ನಡೆಯುವುದಿಲ್ಲ.

ನದಿಯ ಕೆಳಗಂತೂ ಸಾಧ್ಯವೇ ಇರಲಿಲ್ಲ. ಅದಕ್ಕೆ ಮೆಟ್ರೊಪಾಲಿಟನ್‌ಗಿಂತ ಬಹಳ ಹಿಂದೆಯೇ ಎಂಜಿನಿಯರ್ ಮಾರ್ಕ್ ಬ್ರುನೆಲ್ ಕಂಡುಕೊಂಡ ಉತ್ತರ ಶೀಲ್ಡ್, ಅಂದರೆ ಅಗೆಯುವವರನ್ನು ಕಾಯುತ್ತ ಅಗೆತದೊಡನೆ ಮುಂದೆ ಸರಿಯುವ ಕಬ್ಬಿಣದ ಆಸರೆ. 1818ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅವರು 1825ರಲ್ಲಿ ಥೇಮ್ಸ್ ನದಿಯ ಕೆಳಗೆ ರಾದರ್‌ಹೈತ್‌ನಿಂದ ವಾಪಿಂಗ್‌ಗೆ ಸುರಂಗ ತೋಡಲು ಆರಂಭಿಸಿದರು. ಆ ಶೀಲ್ಡ್‌ನಲ್ಲಿ ಒಂದರ ಪಕ್ಕ ಒಂದರಂತೆ 12 ಕಬ್ಬಿಣದ ಚೌಕಟ್ಟುಗಳು, ಪ್ರತಿ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಗೂಡುಗಳು, ಹೀಗೆ ಒಟ್ಟು 36 ಗೂಡುಗಳು. ಪ್ರತಿ ಗೂಡಿನಲ್ಲಿ ಒಬ್ಬ ಕೆಲಸಗಾರ. ಅವನ ಎದುರಿನ ಮಣ್ಣಿಗೆ ಸಣ್ಣ ಸಣ್ಣ ಹಲಗೆಗಳನ್ನು ತಿರುಪಿನಿಂದ ಒತ್ತಿ ಇಟ್ಟಿರುತ್ತಿದ್ದರು. ಅವನು ಒಂದೇ ಒಂದು ಹಲಗೆ ತೆಗೆದು, ಅದರ ಹಿಂದಿನ ಮಣ್ಣನ್ನು ಕೆಲವೇ ಅಂಗುಲ ಕೆತ್ತಿ, ಅದೇ ಹಲಗೆಯನ್ನು ಮುಂದಕ್ಕೆ ಒತ್ತಿ ಬಿಗಿದು, ಆಮೇಲೆಯೇ ಮುಂದಿನ ಹಲಗೆಗೆ ಕೈಹಾಕಬೇಕು. ಯಾವ ಹೊತ್ತಿನಲ್ಲಿಯೂ ಆಸರೆಯಿಲ್ಲದೆ ತೆರೆದಿರುವುದು ಅಂಗೈಯಗಲದ ಮಣ್ಣು ಮಾತ್ರ. ಒಂದು ಚೌಕಟ್ಟಿನ ಹಲಗೆಗಳೆಲ್ಲ ಮುಂದೆ ಸರಿದ ಮೇಲೆ, ಹಿಂದೆ ಆಗತಾನೆ ಕಟ್ಟಿದ ಇಟ್ಟಿಗೆಗೆ ಜಾಕ್ ಆನಿಸಿ ಚೌಕಟ್ಟನ್ನೇ ಮುಂದೆ ತಳ್ಳುತ್ತಿದ್ದರು. ಸುಮಾರು 396 ಮೀಟರ್ ಉದ್ದದ ಈ ಸುರಂಗ ಜನರಿಗೆ ತೆರೆದದ್ದು 1843ರಲ್ಲಿ. ಅದರಲ್ಲಿ ರೈಲು ಓಡಿದ್ದು 1869ರಿಂದ.

ನಿಮ್ಮ ಬಾವಿಯ ಮಾತಿಗೆ ಒಂದು ಸೇರ್ಪಡೆ. ಈ ಸುರಂಗಕ್ಕೆ ಇಳಿಯುವ ರಾದರ್‌ಹೈತ್‌ನ ಕೂಪವನ್ನು ಬ್ರುನೆಲ್ ಮೇಲಿನಿಂದ ತೋಡಲಿಲ್ಲ. ನೆಲದ ಮೇಲೆಯೇ, ಅಂಚು ಚೂಪಾದ ಕಬ್ಬಿಣದ ಬಳೆಯ ಮೇಲೆ, ಸುಮಾರು 15 ಮೀಟರ್ ವ್ಯಾಸದ ಇಟ್ಟಿಗೆಯ ಗೋಪುರ ಕಟ್ಟಿ, ಒಳಗಿನ ಮಣ್ಣು ತೆಗೆಯುತ್ತ ಹೋದಂತೆ ಅದು ತನ್ನ ಭಾರಕ್ಕೆ ತಾನೇ ಇಳಿಯುವಂತೆ ಮಾಡಿದರು. ನಮ್ಮಲ್ಲಿ ಹೊಳೆಯ ಸೇತುವೆಗಳಿಗೆ ಬಾವಿ ಇಳಿಸಿ ಬುನಾದಿ ಹಾಕುವುದು ಇದೇ ಕ್ರಮದಲ್ಲಿ. ಅಲ್ಲಿ ಲೈನಿಂಗ್ ಮೊದಲು, ಅಗೆತ ಆಮೇಲೆ. ಸುರಂಗದಲ್ಲಿ ಅಡ್ಡಲಾಗಿ ಹೋಗಬೇಕಾದ್ದರಿಂದ ಆ ಅನುಕೂಲವಿಲ್ಲ.

ಗಚ್ಚು ಮತ್ತು ಸುಣ್ಣ (ಗದಗ)

ಮೇಲಿನ ಹಿರಿಯರು ಅಗೆತದ ಕಡೆಯಿಂದ ಹೇಳಿದ್ದಾರೆ. ನಾನು ಹಳೆಯ ಕಟ್ಟಡಗಳ ದುರಸ್ತಿ ಮಾಡುವ ಗೌಂಡಿಗಳ ಮನೆತನದವನು, ಆದ್ದರಿಂದ ಗಾರೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಇಟ್ಟಿಗೆಯಿಂದ ಕಬ್ಬಿಣಕ್ಕೆ ಹೋದದ್ದರ ಅರ್ಧ ಕಾರಣ ಅಲ್ಲಿಯೇ ಇದೆ ಎಂದು ನನ್ನ ನಂಬಿಕೆ.

ಇಟ್ಟಿಗೆಯ ಕಮಾನಿನಲ್ಲಿ ಇಟ್ಟಿಗೆ ಮೊದಲ ದಿನವೇ ಗಟ್ಟಿ, ಆದರೆ ಅದರ ನಡುವಿನ ಗಾರೆ ಹಸಿ. ನಮ್ಮ ಸಾಮಾನ್ಯ ಸುಣ್ಣದ ಗಾರೆ ಗಾಳಿಯನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ನೀರು ಜಿನುಗುವ, ಗಾಳಿಯಾಡದ ಮಣ್ಣಿನ ಮಗ್ಗುಲಲ್ಲಿ ಅದು ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿಯಬಹುದು. ಥೇಮ್ಸ್ ಸುರಂಗದಲ್ಲಿಯಾದರೋ ಹಿಂದಿನ ಕಟ್ಟಡಕ್ಕೇ ಜಾಕ್ ಆನಿಸಿ ಶೀಲ್ಡ್ ತಳ್ಳಬೇಕು. ಗಾರೆ ಹಸಿಯಿದ್ದರೆ ಇಟ್ಟಿಗೆಯ ಸಾಲುಗಳೇ ಹಿಂದೆ ಸರಿಯುತ್ತವೆ. ಅದಕ್ಕೆಂದೇ ಬ್ರುನೆಲ್ ಬಳಸಿದ್ದು ರೋಮನ್ ಸಿಮೆಂಟ್. ಅದಕ್ಕೂ ರೋಮನ್ನರಿಗೂ ಸಂಬಂಧವಿಲ್ಲ. 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬವರು ಪೇಟೆಂಟ್ ಪಡೆದ ಸಿಮೆಂಟ್ ಅದು. ಜೇಡಿಮಣ್ಣಿನ ಪದರಗಳಲ್ಲಿ ಸಿಗುವ ಸುಣ್ಣಾಂಶದ ಗಡ್ಡೆಗಳನ್ನು ಸುಟ್ಟು ಪುಡಿ ಮಾಡಿದ್ದು. ನೀರು ಬೆರೆಸಿದ ಮೇಲೆ ಹದಿನೈದಿಪ್ಪತ್ತು ನಿಮಿಷಗಳಲ್ಲಿ, ಒದ್ದೆಯಲ್ಲಿಯೂ, ಅದು ಬಿಗಿಯುತ್ತದೆ. ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಕಲಸಿಕೊಂಡು ಕೂಡಲೇ ಬಳಸಬೇಕು, ಇಲ್ಲವಾದರೆ ಬುಟ್ಟಿಯಲ್ಲಿಯೇ ಕಲ್ಲಾಗುತ್ತದೆ. ಅಂಥ ಗಾರೆಯನ್ನು ನದಿಯ ಕೆಳಗೆ, ದೀಪದ ಬೆಳಕಿನಲ್ಲಿ, ಶೀಲ್ಡ್‌ನ ಬೆನ್ನಿಗೇ ನಿಂತು ಹಾಕಿದ ಗೌಂಡಿಗಳ ಕೈಚಳಕವನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ದೊಡ್ಡದಾಗಿ ಬಂದಿಲ್ಲ.

ಬೀಡುಕಬ್ಬಿಣದ ಉಂಗುರಕ್ಕೆ ಬಲಿಯುವ ಕಾಲವೇ ಬೇಡ. ಬೋಲ್ಟ್ ಬಿಗಿದ ಗಳಿಗೆಯಿಂದಲೇ ಅದು ಭಾರ ಹೊರುತ್ತದೆ, ಜಾಕ್‌ನ ಒತ್ತಡವನ್ನೂ ತಡೆಯುತ್ತದೆ. ಕಬ್ಬಿಣ ಇಟ್ಟಿಗೆಗಿಂತ ಗಟ್ಟಿ ಎಂಬುದಕ್ಕಿಂತ ಕಬ್ಬಿಣ ನಮ್ಮನ್ನು ಕಾಯುವಂತೆ ಮಾಡುವುದಿಲ್ಲ ಎಂಬುದು ಹೆಚ್ಚು ಮುಖ್ಯ.

ಕೇಶ್ವಾಪುರದ ನಿವೃತ್ತ ಎಂಜಿನಿಯರ್ (ಹುಬ್ಬಳ್ಳಿ)

ಗದಗಿನವರ ಮಾತು ಒಪ್ಪತಕ್ಕದ್ದು. ಅದನ್ನು ಮುಂದುವರಿಸುತ್ತೇನೆ. ಬ್ರುನೆಲ್‌ರ ಶೀಲ್ಡ್ ಆಯತಾಕಾರದ್ದು, ಭಾರಿ ಗಾತ್ರದ್ದು, ಚೌಕಟ್ಟುಗಳು ಬಿಡಿಬಿಡಿ. ಅದನ್ನು ಚಿಕ್ಕದಾಗಿ, ದುಂಡಗೆ, ಒಂದೇ ಕೊಳವೆಯಂತೆ ಮಾಡಿದವರು ಪೀಟರ್ ಬಾರ್ಲೊ ಮತ್ತು ಜೇಮ್ಸ್ ಹೆನ್ರಿ ಗ್ರೇಟ್‌ಹೆಡ್. 1869ರಲ್ಲಿ ಥೇಮ್ಸ್ ಕೆಳಗೆ ತೋಡಿ 1870ರಲ್ಲಿ ತೆರೆದ ಟವರ್ ಸಬ್‌ವೇ ಸುರಂಗವು ಎರಡು ಮೀಟರಿಗಿಂತ ತುಸುವೇ ಹೆಚ್ಚು ವ್ಯಾಸದ್ದು. ಬ್ರುನೆಲ್‌ಗೆ 18 ವರ್ಷ ಹಿಡಿದ ನದಿಯನ್ನು ಇವರು ಒಂದು ವರ್ಷದೊಳಗೆ ದಾಟಿದರು. ಒಂದು ಕಾರಣ ಗಾತ್ರ. ಇನ್ನೊಂದು ಕಾರಣ, ಇವರು ಆಳಕ್ಕೆ ಇಳಿದು ನೀರು ಬಿಡದ ಜೇಡಿಯೊಳಗೆ ಸಾಗಿದರು. ಬ್ರುನೆಲ್ ನದಿಯ ತಳಕ್ಕೆ ತೀರ ಹತ್ತಿರವಿದ್ದು ಮರಳು, ಗರಸುಗಳನ್ನು ಎದುರಿಸಬೇಕಾಯಿತು. 1827ರಲ್ಲಿ ಮತ್ತು 1828ರ ಜನವರಿಯಲ್ಲಿ ನದಿ ಒಳಗೆ ನುಗ್ಗಿತು, ಎರಡನೆಯ ಸಲ ಆರು ಜನ ಸತ್ತರು, ಕೆಲಸ 1835ರವರೆಗೆ ನಿಂತಿತು.

ದುಂಡಗಿನ ಆಕಾರದ ಲಾಭ ನಿಮ್ಮ ಮಕ್ಕಳಿಗೆ ಸುಲಭವಾಗಿ ತಿಳಿಯುತ್ತದೆ. ಜೇಡಿಮಣ್ಣು ಸುತ್ತಲಿಂದಲೂ ಹೆಚ್ಚುಕಡಿಮೆ ಸಮವಾಗಿ ಒತ್ತುತ್ತದೆ. ಉಂಗುರದಲ್ಲಿ ಆ ಒತ್ತಡವೆಲ್ಲ ತುಂಡಿನಿಂದ ತುಂಡಿಗೆ ಒತ್ತಾಗಿಯೇ ಸಾಗುತ್ತದೆ, ಬಾಗುವಿಕೆ ಕಡಿಮೆ. ಬೀಡುಕಬ್ಬಿಣ ಎಳೆತಕ್ಕೆ ದುರ್ಬಲ, ಒತ್ತಿಗೆ ಬಹಳ ಬಲಿಷ್ಠ. ಹೀಗಾಗಿ ಆ ಲೋಹಕ್ಕೂ ಈ ಆಕಾರಕ್ಕೂ ಸರಿಯಾಗಿ ಹೊಂದಿಕೆಯಾಯಿತು. ಇಟ್ಟಿಗೆಯಲ್ಲಿ ಅಷ್ಟೇ ಬಲಕ್ಕೆ ಗೋಡೆ ದಪ್ಪವಾಗಿರಬೇಕು, ಅಂದರೆ ಅಷ್ಟು ಹೆಚ್ಚು ಮಣ್ಣು ತೆಗೆಯಬೇಕು.

ಹಾವೇರಿಯ ಸೈಟ್ ಎಂಜಿನಿಯರ್

ನಾನು ಬೆಂಗಳೂರಿನಲ್ಲಿ ಸುರಂಗದ ಕಾಮಗಾರಿಯೊಂದರಲ್ಲಿ ಕೆಲಸ ಮಾಡಿದವನು. ಇಲ್ಲಿ ಇನ್ನೂ ಯಾರೂ ಹೇಳದ ಒಂದು ವಿಷಯವಿದೆ, ಮತ್ತು ನಮಗೆ ದಿನವೂ ತಲೆಬಿಸಿ ಮಾಡುವುದು ಅದೇ: ಉಂಗುರದ ಹಿಂದಿನ ಸಂದು.

ಉಂಗುರವನ್ನು ಜೋಡಿಸುವುದು ಶೀಲ್ಡ್‌ನ ಬಾಲದ ತಗಡಿನ ಒಳಗೆ. ಶೀಲ್ಡ್ ಮುಂದೆ ಸರಿದಾಗ ಆ ತಗಡು ಉಂಗುರದ ಮೇಲಿನಿಂದ ಜಾರಿ ಹೋಗುತ್ತದೆ. ತಗಡಿನ ದಪ್ಪ ಮತ್ತು ಉಂಗುರ ಜೋಡಿಸಲು ಬಿಟ್ಟ ಸಡಿಲ, ಇವೆರಡೂ ಸೇರಿ ಉಂಗುರಕ್ಕೂ ಮಣ್ಣಿಗೂ ನಡುವೆ ಸುತ್ತಲೂ ಒಂದು ಪೊಳ್ಳು ಉಳಿಯುತ್ತದೆ. ನೋಡಲು ಕೆಲವೇ ಬೆರಳಗಲ, ಆದರೆ ಸುರಂಗದ ಉದ್ದಕ್ಕೂ ಲೆಕ್ಕ ಹಾಕಿದರೆ ಅದು ದೊಡ್ಡ ಗಾತ್ರ. ಅದನ್ನು ತುಂಬದಿದ್ದರೆ ಮಣ್ಣು ಇಳಿದು ಅದನ್ನು ತಾನೇ ತುಂಬಿಕೊಳ್ಳುತ್ತದೆ, ಮೇಲಿನ ಮನೆಯ ಗೋಡೆ ಬಿರುಕು ಬಿಡುತ್ತದೆ.

ಗ್ರೇಟ್‌ಹೆಡ್ ದೊಡ್ಡವರಾಗುವುದು ಇಲ್ಲಿಯೇ ಎಂದು ನಾನು ಭಾವಿಸುತ್ತೇನೆ. ಜಗತ್ತಿನ ಮೊದಲ ಆಳದ ವಿದ್ಯುತ್ ರೈಲುಮಾರ್ಗವಾಗಿ 1890ರಲ್ಲಿ ತೆರೆದ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆಗೆ ಅವರು ತೋಡಿದ ಜೋಡಿ ಸುರಂಗಗಳಲ್ಲಿ ಪ್ರತಿ ಉಂಗುರವೂ ಆರು ತುಂಡುಗಳು ಮತ್ತು ನೆತ್ತಿಯಲ್ಲಿ ಕೂರುವ ಒಂದು ಚಿಕ್ಕ ಬೀಗದ ತುಂಡಿನಿಂದ ಆದದ್ದು. ತುಂಡುಗಳಲ್ಲಿ ರಂಧ್ರಗಳಿದ್ದವು. ಸುಣ್ಣ ಮತ್ತು ನೀರನ್ನು ಒಂದು ಮುಚ್ಚಿದ ಪಾತ್ರೆಯಲ್ಲಿ ಕಲಕಿ, ಗಾಳಿಯ ಒತ್ತಡದಿಂದ ಆ ರಂಧ್ರಗಳ ಮೂಲಕ ಹಿಂದಿನ ಪೊಳ್ಳಿಗೆ ನುಗ್ಗಿಸಿದರು. ಇಂದು ನಾವು ಯಂತ್ರದ ಬಾಲದಲ್ಲಿರುವ ಕೊಳವೆಗಳಿಂದ, ಯಂತ್ರ ಸರಿಯುತ್ತಿರುವಾಗಲೇ, ಗ್ರೌಟ್ (ಪೊಳ್ಳು ತುಂಬುವ ತೆಳ್ಳನೆಯ ಗಾರೆ) ತುಂಬುತ್ತೇವೆ. ಉಂಗುರಗಳು ಕಾಂಕ್ರೀಟಿನವು, ಸಂದುಗಳಿಗೆ ರಬ್ಬರಿನ ಪಟ್ಟಿ. ತತ್ತ್ವ ಮಾತ್ರ ಅವರದೇ.

ಗದಗಿನ ಹಿರಿಯರಲ್ಲಿ ಒಂದು ವಿನಂತಿ: ಗಾಳಿಯಿಲ್ಲದ ಜಾಗದಲ್ಲಿ ಸುಣ್ಣ ಬಲಿಯದು ಎಂದು ತಾವು ಹೇಳಿದಿರಿ. ಹಾಗಾದರೆ ಆ ಸುಣ್ಣದ ಗ್ರೌಟ್ ಹೇಗೆ ಬಲಿಯಿತು?

ಗಚ್ಚು ಮತ್ತು ಸುಣ್ಣ (ಗದಗ)

ತಮ್ಮಾ, ಅದು ಬಿಳಿ ಸುಣ್ಣವಲ್ಲ. ಇಂಗ್ಲೆಂಡಿನಲ್ಲಿ ಬ್ಲೂ ಲಯಾಸ್ ಎಂಬ ಸುಣ್ಣಕಲ್ಲು ಸಿಗುತ್ತದೆ; ಅದರಲ್ಲಿ ಜೇಡಿಯ ಅಂಶ ಸಹಜವಾಗಿ ಬೆರೆತಿರುತ್ತದೆ. ಅದನ್ನು ಸುಟ್ಟರೆ ಬರುವ ಸುಣ್ಣ ನೀರಿನೊಡನೆಯೇ ಕೂಡಿ ಗಟ್ಟಿಯಾಗುತ್ತದೆ, ಗಾಳಿ ಬೇಕಿಲ್ಲ. ನಮ್ಮಲ್ಲಿ ಕೆರೆಯ ತೂಬು, ಬಾವಿಯ ಒಳಗೋಡೆಗಳ ಗಚ್ಚಿಗೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು, ಸುಣ್ಣದೊಡನೆ ಅರೆದು ಸೇರಿಸುತ್ತಿದ್ದುದು ಇದೇ ಗುಣಕ್ಕಾಗಿ.

ವಿದ್ಯಾನಗರ ಸಿವಿಲ್ (ಹುಬ್ಬಳ್ಳಿ)

ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ಕಬ್ಬಿಣದ ಉಂಗುರ ಅಷ್ಟು ಅನುಕೂಲವಾಗಿದ್ದರೆ 1900ರಲ್ಲಿ ತೆರೆದ ಪ್ಯಾರಿಸ್ ಮೆಟ್ರೊ ಕಲ್ಲುಗಾರೆಯ ಕಮಾನಿಗೆ ಏಕೆ ಮರಳಿತು? ಜೇಡಿಯ ಬದಲು ನೀರು ತುಂಬಿದ ಗರಸು ಎದುರಾದರೆ ಶೀಲ್ಡ್ ಒಂದೇ ಸಾಕಾಗುತ್ತಿತ್ತೇ?

ಸಾಧನಕೇರಿ ಓದುಗ (ಧಾರವಾಡ)

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸಾಕಾಗುತ್ತಿರಲಿಲ್ಲ. ಅದಕ್ಕೆ ಒತ್ತಡದ ಗಾಳಿ ಬೇಕಾಯಿತು. ಸುರಂಗದ ಹಿಂದೆ ಗೋಡೆ ಕಟ್ಟಿ, ಗಾಳಿ ಸೋರದಂತೆ ಒಳಹೊರಗೆ ಹೋಗಲು ಎರಡು ಬಾಗಿಲುಗಳ ಕೋಣೆ, ಅಂದರೆ ಏರ್‌ಲಾಕ್, ಇಟ್ಟು, ಮುಂದಿನ ಭಾಗಕ್ಕೆ ಗಾಳಿ ತುಂಬಿ ನೀರನ್ನು ಮಣ್ಣಿನೊಳಗೇ ತಡೆದು ನಿಲ್ಲಿಸುವ ಉಪಾಯಕ್ಕೆ ಥಾಮಸ್ ಕಾಕ್ರೇನ್ 1830ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಸಿಟಿ ಅಂಡ್ ಸೌತ್ ಲಂಡನ್ ದಾರಿಯಲ್ಲಿ ಸ್ಟಾಕ್‌ವೆಲ್ ಕಡೆಯ ಒದ್ದೆ ಗರಸನ್ನು ಗ್ರೇಟ್‌ಹೆಡ್ ದಾಟಿದ್ದು ಹೀಗೆಯೇ. ಆದರೆ ಇದರಲ್ಲಿ ಒಂದು ತೊಡಕಿದೆ. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುತ್ತದೆ, ಗಾಳಿಯ ಒತ್ತಡ ಮಾತ್ರ ಸುರಂಗದ ತಳದಲ್ಲಿಯೂ ನೆತ್ತಿಯಲ್ಲಿಯೂ ಒಂದೇ ಆಗಿರುತ್ತದೆ. ಆದ್ದರಿಂದ ತಳದ ನೀರನ್ನು ತಡೆಯುವಷ್ಟು ಗಾಳಿ ಕೊಟ್ಟರೆ ನೆತ್ತಿಯಲ್ಲಿ ಅದು ಹೆಚ್ಚಾಗಿ, ಮಣ್ಣನ್ನು ಸೀಳಿಕೊಂಡು ಮೇಲಕ್ಕೆ ಹೊರಟುಹೋಗುತ್ತದೆ. ಸುರಂಗ ದೊಡ್ಡದಾದಷ್ಟೂ ಈ ಅಪಾಯ ಹೆಚ್ಚು. ನ್ಯೂಯಾರ್ಕ್ ಬಳಿಯ ಹಡ್ಸನ್ ನದಿಯ ಕೆಳಗೆ ಶೀಲ್ಡ್ ಇಲ್ಲದೆ ಗಾಳಿಯನ್ನೇ ನೆಚ್ಚಿ ತೋಡುತ್ತಿದ್ದಾಗ 1880ರಲ್ಲಿ ಗಾಳಿ ಹೊರಹೋಗಿ ಸುರಂಗದ ಬಾಯಿ ಕುಸಿದು 20 ಜನ ಸತ್ತರು. ಒತ್ತಡದಿಂದ ಒಮ್ಮೆಲೆ ಹೊರಬಂದ ಕೆಲಸಗಾರರಿಗೆ ಕೀಲುನೋವು, ಲಕ್ವ, ಸಾವು ಕೂಡ ಬರುತ್ತಿತ್ತು. ಅದೇ ಹಡ್ಸನ್ ಕಾಮಗಾರಿ ಮತ್ತೆ ಆರಂಭವಾದಾಗ ಅರ್ನೆಸ್ಟ್ ಮೊಯಿರ್ ಅವರು ರೋಗಿಯನ್ನು ಪುನಃ ಒತ್ತಡದಲ್ಲಿಟ್ಟು ನಿಧಾನವಾಗಿ ಇಳಿಸುವ ಕೋಣೆಯನ್ನು ಸ್ಥಾಪಿಸಿದ ಮೇಲೆ ಸಾವುಗಳು ಬಹಳ ಕಡಿಮೆಯಾದವು. ಸುರಂಗದ ಪಾಠದಲ್ಲಿ ಇದನ್ನೂ ದಯವಿಟ್ಟು ಹೇಳಿರಿ.

ಪ್ಯಾರಿಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಹೀಗಿದೆ: ಲೈನಿಂಗನ್ನು ಮಣ್ಣು ಮಾತ್ರ ನಿರ್ಧರಿಸುವುದಿಲ್ಲ, ಆಳವೂ ನಿರ್ಧರಿಸುತ್ತದೆ. ಎಂಜಿನಿಯರ್ ಫುಲ್‌ಜೆನ್ಸ್ ಬಿಯೆನ್‌ವೆನ್ಯು ಅವರ ಯೋಜನೆಯಲ್ಲಿ ದಾರಿಗಳು ರಸ್ತೆಗಳ ಕೆಳಗೆ ಸಾಧ್ಯವಾದಷ್ಟು ಮೇಲ್ಮಟ್ಟದಲ್ಲಿ ಸಾಗಿದವು, ಒಂದೇ ಸುರಂಗದಲ್ಲಿ ಎರಡೂ ಹಳಿಗಳು. ಅಲ್ಲಿ ಬಹುಮಟ್ಟಿಗೆ ಅನುಸರಿಸಿದ್ದು ಬೆಲ್ಜಿಯನ್ ಪದ್ಧತಿ: ಮೊದಲು ನೆತ್ತಿಯಲ್ಲಿ ಸಣ್ಣ ಕಿಂಡಿ ತೋಡಿ, ಅದನ್ನು ಎರಡೂ ಪಕ್ಕಕ್ಕೆ ಅಗಲಿಸಿ, ಕಮಾನನ್ನು ಮೊದಲೇ ಕಟ್ಟಿಬಿಡುತ್ತಾರೆ, ಆಮೇಲೆ ಅದರ ನೆರಳಿನಲ್ಲಿ ಕೆಳಗಿನ ಮಣ್ಣು ತೆಗೆದು, ಕಮಾನಿನ ಪಾದಗಳಿಗೆ ತುಂಡುತುಂಡಾಗಿ ಗೋಡೆ ಕಟ್ಟಿ ಆನಿಸುತ್ತಾರೆ. ಸೀನ್ ನದಿಯ ಬಳಿ ಈ ಕ್ರಮ ನಡೆಯಲಿಲ್ಲ. 1910ರಲ್ಲಿ ನದಿ ದಾಟಿದ 4ನೆಯ ಮಾರ್ಗಕ್ಕೆ ನದಿಯಲ್ಲಿ ಕೈಸನ್ ಎಂಬ ಲೋಹದ ದೊಡ್ಡ ಪೆಟ್ಟಿಗೆಗಳನ್ನು ಇಳಿಸಿದರು, ಸೇಂಟ್ ಮಿಶೆಲ್ ಬಳಿ ಒದ್ದೆ ನೆಲವನ್ನು ಹೆಪ್ಪುಗಟ್ಟಿಸಿ ತೋಡಿದರು.

ಹಾವೇರಿಯ ಸೈಟ್ ಎಂಜಿನಿಯರ್

ಕಬ್ಬಿಣದ ಉಂಗುರವನ್ನು ಒಮ್ಮೆ ಹಾಕಿದ ಮೇಲೆ ಬದಲಿಸಲು ಬರುತ್ತದೆಯೇ? ಸಿಟಿ ಅಂಡ್ ಸೌತ್ ಲಂಡನ್ ಸುರಂಗಗಳು ಸುಮಾರು 3.1 ಮೀಟರ್ ವ್ಯಾಸದವು. ಇಂದಿನ ರೈಲುಗಳು ಅದರಲ್ಲಿ ಹಿಡಿಸಲಾರವು.

ಕೇಶ್ವಾಪುರದ ನಿವೃತ್ತ ಎಂಜಿನಿಯರ್ (ಹುಬ್ಬಳ್ಳಿ)

ಬರುತ್ತದೆ, ಮತ್ತು ಅದನ್ನು ಮಾಡಿಯೂ ತೋರಿಸಿದರು. 1922ರಿಂದ 1924ರ ನಡುವೆ ಆ ಸುರಂಗಗಳನ್ನು ಸುಮಾರು 3.56 ಮೀಟರಿಗೆ ಅಗಲಿಸಿದರು. ಬೋಲ್ಟ್ ಬಿಚ್ಚಿ, ತುಂಡುಗಳನ್ನು ಕಳಚಿ, ಹಿಂದಿನ ಮಣ್ಣನ್ನು ಬೇಕಾದಷ್ಟು ಕೆತ್ತಿ, ಅವೇ ತುಂಡುಗಳನ್ನು ನಡುವೆ ಹೊಸ ಸೇರ್ಪಡೆ ಕೊಟ್ಟು ದೊಡ್ಡ ಉಂಗುರವಾಗಿ ಮತ್ತೆ ಕೂಡಿಸಿದರು. ಆರಂಭದಲ್ಲಿ ಒಂದು ಭಾಗದಲ್ಲಿ ಹಗಲು ರೈಲು ಓಡಿಸುತ್ತ ರಾತ್ರಿ ಈ ಕೆಲಸ ನಡೆಯಿತು. 1923ರ ನವೆಂಬರ್‌ನಲ್ಲಿ ಎಲಿಫೆಂಟ್ ಅಂಡ್ ಕ್ಯಾಸಲ್ ಬಳಿ ಅರ್ಧಕ್ಕೆ ನಿಂತಿದ್ದ ಜಾಗದ ಆಸರೆಗೆ ರೈಲು ತಾಗಿ, ಗರಸು ಒಳಗೆ ಸುರಿದು, ಮೇಲಿನ ರಸ್ತೆ ಕುಸಿಯಿತು. ಅಲ್ಲಿಂದ ಮುಂದೆ ದಾರಿಯನ್ನು ಪೂರ್ತಿ ಮುಚ್ಚಿ ಕೆಲಸ ಮುಗಿಸಿದರು.

ಇಟ್ಟಿಗೆಯ ಸುರಂಗಕ್ಕೆ ಈ ಅವಕಾಶವಿಲ್ಲ, ಇದ್ದುದನ್ನು ಇದ್ದ ಹಾಗೆ ಬಲಪಡಿಸಬೇಕು ಅಷ್ಟೆ. ಬ್ರುನೆಲ್‌ರ ಸುರಂಗವನ್ನು 1995ರಲ್ಲಿ ಮುಚ್ಚಿ, ಒಳಗಿನಿಂದ ಕಾಂಕ್ರೀಟ್ ಬಳಿಯಲು ಹೊರಟಾಗ ಅಲ್ಲಿ ದೊಡ್ಡ ವಿವಾದವೆದ್ದಿತು, ಸುರಂಗಕ್ಕೆ ಸಂರಕ್ಷಿತ ಸ್ಮಾರಕದ ಸ್ಥಾನ ಸಿಕ್ಕಿತು. ಕೊನೆಗೆ ರಾದರ್‌ಹೈತ್ ತುದಿಯಲ್ಲಿ ಸ್ವಲ್ಪ ಭಾಗವನ್ನು ಮೂಲ ರೂಪದಲ್ಲಿ ಉಳಿಸಿಕೊಂಡು, ಉಳಿದುದಕ್ಕೆ ಹೊಸ ಪದರ ಕೊಟ್ಟು, 1998ರಲ್ಲಿ ಮತ್ತೆ ರೈಲು ಬಿಟ್ಟರು.